ಸಿಹಿಗೆ ಬೆಲೆ ಕಟ್ಟಿದರು, ಉರಿಗೆ ಕಟ್ಟಿದವರು ಯಾರು?



'ವೈಜ್ಞಾನಿಕ ಬೆಲೆ ಕೊಡಿ' ಎಂಬ ಕೂಗು ನಮ್ಮ ಚಳವಳಿಗೆ ಹೊಸದಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗುಂಡು ಹಾರಿತು. ಆ ವರ್ಷವೇ ರೈತ ಸಂಘ ಎದ್ದು ನಿಂತಿತು. ಅಂದಿನಿಂದ ಇಂದಿನ ತನಕ ಊರೂರಿನ ಚಾವಡಿಯಲ್ಲಿ, ತಹಶೀಲ್ದಾರ ಕಚೇರಿಯ ಮುಂದೆ, ಹೆದ್ದಾರಿಯ ನಡುವೆ ಕುಳಿತು ಇದೇ ಮಾತು ಹೇಳುತ್ತ ಬಂದಿದ್ದೇವೆ. ಆ ವಿಜ್ಞಾನ ಯಾವುದು? ಬೀಜ, ಗೊಬ್ಬರ, ಆಳಿನ ಕೂಲಿ, ನೀರಿನ ಖರ್ಚು, ಭೂಮಿಯ ಬಾಡಿಗೆ ಎಲ್ಲ ಕೂಡಿಸಿ ಅದರ ಮೇಲೆ ನ್ಯಾಯವಾದ ಲಾಭ ಇಡುವುದು ಒಂದು ಲೆಕ್ಕ. ಆ ಲೆಕ್ಕ ಬೇಕೇ ಬೇಕು. ಅದರ ಮಗ್ಗುಲಿಗೆ ಇನ್ನೊಂದು ಲೆಕ್ಕ ಐತಿ. ಅದು ಬೆಂಕಿಯ ಲೆಕ್ಕ. ಕಬ್ಬು ಬೆಳೆಯುವ ಪ್ರತಿಯೊಬ್ಬನೂ ಅದನ್ನು ಬೆರಳ ತುದಿಯಲ್ಲಿ ಇಟ್ಟುಕೊಳ್ಳಬೇಕಾದ ಕಾಲ ಬಂದಿದೆ.

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ರಸ್ತೆಗೆ ಇಳಿದರು. ಗೋಕಾಕ, ಹುಕ್ಕೇರಿ, ರಾಯಬಾಗ, ಅಥಣಿಯ ಕಡೆಯಿಂದ ಬುತ್ತಿ ಕಟ್ಟಿಕೊಂಡು ಜನ ಬಂದರು. ಕೇಳಿದ್ದು ಟನ್ನಿಗೆ 3,500 ರೂಪಾಯಿ. ನವೆಂಬರ್ 7ರಂದು ಬೆಂಗಳೂರಿನಲ್ಲಿ ತೀರ್ಮಾನವಾದದ್ದು 3,300. ಅದರಲ್ಲಿ 50 ರೂಪಾಯಿ ಕಾರ್ಖಾನೆಯವರು ಏರಿಸಿದ್ದು, 50 ರೂಪಾಯಿ ಸರ್ಕಾರ ಕೊಡಬೇಕಾದದ್ದು. ಒಂದು ವಾರ ಚಳಿಯಲ್ಲಿ ರಸ್ತೆಯ ಮೇಲೆ ಮಲಗಿ ಗೆದ್ದ ಈ ನೂರು ರೂಪಾಯಿ ಸಣ್ಣದಲ್ಲ. ಆದರೆ ಮಾತುಕತೆಯ ಮೇಜಿನ ಮೇಲೆ 'ಸಕ್ಕರೆಗೆ ಮಾರುಕಟ್ಟೆ ಇಲ್ಲ, ಇದಕ್ಕಿಂತ ಹೆಚ್ಚು ಎಲ್ಲಿಂದ ಕೊಡೋಣ' ಅನ್ನುವವರಿಗೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಸ್ವಾಮಿ, ನೀವು ನಮ್ಮಿಂದ ಒಯ್ದದ್ದು ಬರೇ ಸಕ್ಕರೆಯೇನು?

ಹೈಸ್ಕೂಲಿನ ವಿಜ್ಞಾನದ ಪುಸ್ತಕವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿರಿ. ಕೆಲವು ರಾಸಾಯನಿಕ ಕ್ರಿಯೆಗಳು ಶಾಖ ಕೊಡುತ್ತವೆ, ಕೆಲವು ಶಾಖ ತಿನ್ನುತ್ತವೆ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಡಬೇಕಾದರೆ ಗಾಡಿಗಟ್ಟಲೆ ಕಟ್ಟಿಗೆ ಬೇಕು. ಅದು ಶಾಖ ತಿನ್ನುವ ಕ್ರಿಯೆ. ಪುಸ್ತಕದಲ್ಲಿ ಅದಕ್ಕೆ ಅಂತರುಷ್ಣಕ ಅಂತಾರೆ. ಹಾಗೆ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಒಲೆ ಇಲ್ಲದೆಯೇ ಕೊತಕೊತ ಕುದಿಯುತ್ತದೆ. ತಿಂದ ಶಾಖದಲ್ಲಿ ಒಂದು ಪಾಲನ್ನು ಅದು ತಿರುಗಿ ಕೊಡುತ್ತದೆ. ಇದು ಬಹಿರುಷ್ಣಕ. ಯೂರಿಯಾ ಸಿಂಪಡಿಸಲು ಬಕೆಟ್ ನೀರಿನಲ್ಲಿ ಕರಗಿಸಿದಾಗ ಬಕೆಟ್ ತಣ್ಣಗಾಗುವುದನ್ನು ನೀವೇ ಕೈಯಿಂದ ಮುಟ್ಟಿ ನೋಡಿದ್ದೀರಿ. ಕರಗುವಾಗ ಅದು ನೀರಿನ ಶಾಖವನ್ನೇ ಹೀರಿಕೊಳ್ಳುತ್ತದೆ. ಹಸಿ ಮೇವು ಒತ್ತಿ ಬಣವಿ ಒಟ್ಟಿದರೆ ಒಳಗೆ ಕೈ ಇಡಲಾಗದಷ್ಟು ಕಾವು ಏರುತ್ತದೆ. ಪ್ರಕೃತಿಯ ಈ ಖಾತೆಪುಸ್ತಕದಲ್ಲಿ ಕಳ್ಳ ಲೆಕ್ಕ ಇಲ್ಲ, ಸಾಲ ಮನ್ನಾ ಇಲ್ಲ. ಬಂದದ್ದಕ್ಕೂ ಹೋದದ್ದಕ್ಕೂ ತಾಳೆಯಾಗಲೇಬೇಕು.

ಈಗ ಕಬ್ಬಿನ ಎಲೆಗೆ ಬನ್ನಿರಿ. ಗಾಳಿಯ ಇಂಗಾಲದ ಡೈಆಕ್ಸೈಡು, ಬೇರಿನಿಂದ ಬಂದ ನೀರು, ಮೇಲಿನಿಂದ ಬಿದ್ದ ಬಿಸಿಲು, ಈ ಮೂರನ್ನು ಕೂಡಿಸಿ ಎಲೆ ಸಕ್ಕರೆ ಮಾಡುತ್ತದೆ, ನಾರು ಮಾಡುತ್ತದೆ. ಇದು ಶಕ್ತಿಯನ್ನು ತಿನ್ನುವ ಕ್ರಿಯೆ. ವರ್ಷಪೂರ್ತಿ ಹೊಲದ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀಗೆ ಕಬ್ಬಿನೊಳಗೆ ಜಮಾ ಆಗುತ್ತದೆ. ಬೆಂಕಿ ಹಚ್ಚುವುದೆಂದರೆ ಇದೇ ಕ್ರಿಯೆಯನ್ನು ತಿರುವು ಮಾಡುವುದು. ನಾರಿನೊಳಗೆ ಪರಮಾಣುಗಳು ಒಂದರ ಕೈ ಒಂದು ಹಿಡಿದು ಕುಳಿತಿರುತ್ತವೆ. ಆ ಕೈ ಬಿಡಿಸಲು ಮೊದಲು ಸ್ವಲ್ಪ ಶಾಖ ಬೇಕು, ಅದಕ್ಕೇ ಕಡ್ಡಿ ಗೀರಬೇಕು. ಬಿಡಿಸಿಕೊಂಡ ಇಂಗಾಲವೂ ಜಲಜನಕವೂ ಗಾಳಿಯ ಆಮ್ಲಜನಕದ ಕೈ ಹಿಡಿದಾಗ, ಬಿಡಿಸಲು ಖರ್ಚಾದದ್ದಕ್ಕಿಂತ ಬಹಳ ಹೆಚ್ಚು ಶಾಖ ಹೊರಬೀಳುತ್ತದೆ. ಈ ಹೆಚ್ಚಳವೇ ಉರಿ. ಅಂದರೆ ಒಲೆಯಲ್ಲಿ ಉರಿಯುವುದು ನಮ್ಮ ಹೊಲದ ಮೇಲೆ ಬಿದ್ದ ಬಿಸಿಲು. ನಾವು ನೀರು ಹಾಯಿಸಿ, ಕಳೆ ತೆಗೆದು, ಸಾಲ ಮಾಡಿ ಹಿಡಿದಿಟ್ಟ ಬಿಸಿಲು.

ಈ ಬಿಸಿಲನ್ನು ಅಳೆಯಲು ಒಂದು ಮಾಪು ಐತಿ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖಕ್ಕೆ ಒಂದು ಕಿಲೋಕ್ಯಾಲರಿ ಅಂತಾರೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 8,600 ಕಿಲೋಕ್ಯಾಲರಿ. ನಮ್ಮ ದೇಶದ ಸಾಧಾರಣ ಕಲ್ಲಿದ್ದಲು ಕಿಲೋಗೆ 4,000ದ ಆಸುಪಾಸು. ಅಡಿಗೆ ಗ್ಯಾಸಿನ 14.2 ಕಿಲೋ ಸಿಲಿಂಡರಿನಲ್ಲಿ ಒಂದೂವರೆ ಲಕ್ಷದಷ್ಟು. ಈ ಮಾಪು ಹಿಡಿದು ಒಂದು ಎಕರೆ ಕಬ್ಬನ್ನು ಅಳೆಯೋಣ. ಎಕರೆಗೆ 40 ಟನ್ ಬಂತೆಂದು ಇಟ್ಟುಕೊಳ್ಳಿ.

ಮೊದಲನೆಯದು ಸಿಪ್ಪೆ. ಟನ್ ಕಬ್ಬು ಅರೆದರೆ 280ರಿಂದ 300 ಕಿಲೋ ಹಸಿ ಸಿಪ್ಪೆ ಬರುತ್ತದೆ. ಅದರಲ್ಲಿ ಅರ್ಧಕ್ಕರ್ಧ ನೀರು. ಹಸಿ ಕಟ್ಟಿಗೆ ಹೊಗೆಯಾಡುತ್ತದೆ, ಉರಿಯುವುದಿಲ್ಲ ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಸಿ ಇದ್ದ ನೀರನ್ನು ಆವಿ ಮಾಡುವುದಕ್ಕೇ ಉರಿಯ ಒಂದು ಪಾಲು ಹೋಗುತ್ತದೆ. ಹಾಗಿದ್ದೂ ಆ ಹಸಿ ಸಿಪ್ಪೆಯಲ್ಲಿ ಕಿಲೋಗೆ ಸುಮಾರು 2,200 ಕಿಲೋಕ್ಯಾಲರಿ ಐತಿ. ಟನ್ ಕಬ್ಬಿನ ಸಿಪ್ಪೆ 150 ಕಿಲೋ ಕಲ್ಲಿದ್ದಲಿಗೆ ಸಮ ಆಯಿತು. ಎಕರೆಗೆ ಆರು ಟನ್ ಕಲ್ಲಿದ್ದಲು! ಬೆಲ್ಲದ ಗಾಣ ಇಟ್ಟವರಿಗೆ ಇದು ಗೊತ್ತು. ಕೊಪ್ಪರಿಗೆಯ ಹಾಲು ಬೆಲ್ಲವಾಗಲು ಬೇಕಾದ ಉರಿ ಅದೇ ಕಬ್ಬಿನ ಒಣಗಿದ ಸಿಪ್ಪೆಯಲ್ಲೇ ಇರುತ್ತದೆ, ಒಲೆ ನೆಟ್ಟಗಿದ್ದರೆ ಹೊರಗಿನ ಕಟ್ಟಿಗೆ ಬೇಡ. ಸಕ್ಕರೆ ಕಾರ್ಖಾನೆಯೂ ಹಾಗೆಯೇ. ತನ್ನ ರಸ ಕುದಿಸಲು, ತನ್ನ ಗಾಲಿ ತಿರುಗಿಸಲು ಅದು ಕಲ್ಲಿದ್ದಲು ಕೊಳ್ಳುವುದಿಲ್ಲ. ಹೆಚ್ಚಿನ ಒತ್ತಡದ ಹೊಸ ಬಾಯ್ಲರು ಕೂಡಿಸಿದಲ್ಲಿ ಟನ್ ಕಬ್ಬಿಗೆ ನೂರರ ಆಸುಪಾಸು ಯೂನಿಟ್ ವಿದ್ಯುತ್ತು ಹುಟ್ಟುತ್ತದೆ. ತನ್ನ ಕೆಲಸಕ್ಕೆ ಬಳಸಿ ಉಳಿದದ್ದನ್ನು ತಂತಿಗೆ ಬಿಟ್ಟು ಮಾರುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಇಂಥ ಕಾರ್ಖಾನೆಗಳು ಒಂದೆರಡಲ್ಲ.

ಎರಡನೆಯದು ಕಾಕಂಬಿ. ಸಕ್ಕರೆ ತೆಗೆದು ಉಳಿದ ಈ ಕರಿ ದ್ರವ ಟನ್ ಕಬ್ಬಿಗೆ 40ರಿಂದ 45 ಕಿಲೋ ಬರುತ್ತದೆ. ಹಿಂದೆ ಇದನ್ನು ಹೊಂಡದಲ್ಲಿ ಕೊಳೆಯಲು ಬಿಟ್ಟ ಕಾಲವೂ ಇತ್ತು. ಈಗ ಇದಕ್ಕೆ ಹುದುಗು ಬೆರೆಸಿ ಎಥನಾಲ್ ತೆಗೆಯುತ್ತಾರೆ. ಇಲ್ಲಿ ಒಂದು ಸೋಜಿಗ ನೋಡ್ರಿ. ಒಂದು ಕಿಲೋ ಸಕ್ಕರೆ ಹುದುಗಿದಾಗ ಅರ್ಧದಷ್ಟು ತೂಕ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಹಾರುತ್ತದೆ, ಉಳಿದ ಅರ್ಧ ಎಥನಾಲ್ ಆಗುತ್ತದೆ. ತೂಕ ಅರ್ಧವಾದರೂ ಆ ಸಕ್ಕರೆಯಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಆ ಅರ್ಧ ತೂಕದಲ್ಲೇ ಉಳಿಯುತ್ತದೆ. ಕಾಟಾದ ಮೇಲೆ ತೂಗುವವನಿಗೆ ಅರ್ಧ ಹೋದಂತೆ ಕಾಣುತ್ತದೆ. ಶಾಖ ಅಳೆಯುವವನಿಗೆ ಏನೂ ಹೋಗಿಲ್ಲ. ಪೆಟ್ರೋಲಿಗೆ ಹೋಲಿಸಿದರೆ ಲೀಟರ್ ಎಥನಾಲಿನ ಶಾಖ ಮೂರರಲ್ಲಿ ಎರಡು ಪಾಲು. ಹಾಗಾಗಿ ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದ ಮೋಟಾರ್ ಸೈಕಲ್ ತುಸು ಕಡಿಮೆ ಓಡುತ್ತದೆ ಅನ್ನುವ ದೂರು ಸುಳ್ಳಲ್ಲ. ಆದರೂ ದೇಶಕ್ಕೆ ಅದು ಬೇಕಾಗಿದೆ. 2022ರಲ್ಲಿ ಪೆಟ್ರೋಲಿಗೆ ನೂರಕ್ಕೆ 10, 2025ರಲ್ಲಿ ನೂರಕ್ಕೆ 20 ಎಥನಾಲ್ ಬೆರೆಸುವ ಗುರಿ ಮುಟ್ಟಿದರು. 2024-25ರ ಸಾಲಿಗೆ ಕಡೆಯ ಕಾಕಂಬಿಯ ಎಥನಾಲಿಗೆ ಸರ್ಕಾರ ಕಟ್ಟಿದ ಬೆಲೆ ಲೀಟರಿಗೆ 57 ರೂಪಾಯಿ 97 ಪೈಸೆ. ಬಿ-ಹೆವಿ ಕಾಕಂಬಿಯದಕ್ಕೆ 60 ರೂಪಾಯಿ 73 ಪೈಸೆ. ನೇರ ಕಬ್ಬಿನ ರಸದ್ದಕ್ಕೆ 65 ರೂಪಾಯಿ 61 ಪೈಸೆ. ಟನ್ ಕಬ್ಬಿನ ಕಡೆಯ ಕಾಕಂಬಿಯಿಂದ ಸುಮಾರು 10 ಲೀಟರ್ ಬರುತ್ತದೆ. ಅಂದರೆ ಸಕ್ಕರೆ ಪೂರಾ ತೆಗೆದುಕೊಂಡ ಮೇಲೆಯೂ ಟನ್ನಿಗೆ 580 ರೂಪಾಯಿಯ ಎಥನಾಲ್, ಎಕರೆಗೆ 23 ಸಾವಿರದ್ದು. ಸಕ್ಕರೆ ಮಾಡದೆ ರಸವನ್ನೇ ಹುದುಗಿಸಿದರೆ ಟನ್ನಿಗೆ 70 ಲೀಟರಿನಷ್ಟು, ಹತ್ತಿರ ಹತ್ತಿರ 4,600 ರೂಪಾಯಿ.

ಮೂರನೆಯದು ರವದಿ. ಇದು ಕಾರ್ಖಾನೆಗೆ ಹೋಗುವುದಿಲ್ಲ, ನಮ್ಮ ಹೊಲದಲ್ಲೇ ಬೀಳುತ್ತದೆ. ಎಕರೆಗೆ ಮೂರು ಟನ್ನಿಗೆ ಕಡಿಮೆ ಇಲ್ಲ. ಒಣ ರವದಿಯಲ್ಲಿ ಕಿಲೋಗೆ 3,500 ಕಿಲೋಕ್ಯಾಲರಿ ಹಿಡಿದರೂ ಎಕರೆಗೆ ಒಂದು ಕೋಟಿ ಕಿಲೋಕ್ಯಾಲರಿ ದಾಟಿತು. 1,200 ಲೀಟರ್ ಡೀಸೆಲಿನ ಶಾಖ, 65 ಗ್ಯಾಸ್ ಸಿಲಿಂಡರಿನ ಶಾಖ! ಮಮದಾಪುರದಿಂದ ಹುಕ್ಕೇರಿಯ ತನಕ ಹಂಗಾಮಿನ ಸಂಜೆ ಆಕಾಶ ಕೆಂಪಾಗುವುದು ಇದರಿಂದಲೇ. ಹಚ್ಚಿದವನನ್ನು ಬೈದು ಪ್ರಯೋಜನವಿಲ್ಲ. ಕುಳೆ ಬೇಗ ಚಿಗುರಬೇಕು, ಸಾಲಿನಲ್ಲಿ ನೀರು ಹರಿಯಬೇಕು, ಎಳೆದು ಹಾಕಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡಲು ರೊಕ್ಕ ಇಲ್ಲ. ಒಂದು ಕಡ್ಡಿಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಆ ಕಡ್ಡಿಯ ಖರ್ಚು ಎಷ್ಟೆಂದು ತಿಳಿದಿರಲಿ. ಆ ಮೂರು ಟನ್ನಿನಲ್ಲಿ ಹನ್ನೆರಡು ಕಿಲೋದಷ್ಟು ಸಾರಜನಕ, ಅಂದರೆ 26 ಕಿಲೋ ಯೂರಿಯಾದ ಸತ್ವ ಇರುತ್ತದೆ. ಉರಿಯಲ್ಲಿ ಅದು ಬಹುಪಾಲು ಗಾಳಿಗೆ ಹೋಗುತ್ತದೆ. ಮೇಲ್ಮಣ್ಣಿನ ಜೀವಾಣು ಸಾಯುತ್ತವೆ. ಗಾಳಿ ತಿರುಗಿದರೆ ಮಗ್ಗುಲಿನವನ ನಿಂತ ಕಬ್ಬು ಹೋಗುತ್ತದೆ.

ಅದೇ ರವದಿಯನ್ನು ಸಾಲು ಬಿಟ್ಟು ಸಾಲು ಹಾಸಿ, ಸಗಣಿ ನೀರು, ತುಸು ಯೂರಿಯಾ ಚಿಮುಕಿಸಿ ಬಿಟ್ಟರೆ ಏನಾಗುತ್ತದೆ? ಅದೂ ಉರಿಯುತ್ತದೆ! ಬಣವಿಯೊಳಗಿನ ಕಾವು ಹೇಗೋ ಹಾಗೆ. ಜೀವಾಣುಗಳು ಅದೇ ಇಂಗಾಲವನ್ನು ಅದೇ ಆಮ್ಲಜನಕದ ಜೊತೆ ಕೂಡಿಸಿ ಅದೇ ಶಾಖವನ್ನು ತೆಗೆಯುತ್ತವೆ; ತಾಸಿನಲ್ಲಿ ಮುಗಿಯಬೇಕಾದದ್ದನ್ನು ತಿಂಗಳುಗಟ್ಟಲೆ ಎಳೆಯುತ್ತವೆ. ಆ ನಿಧಾನದ ಉರಿಯಲ್ಲಿ ಸಾರಜನಕದ ದೊಡ್ಡ ಪಾಲು ಮಣ್ಣಿನಲ್ಲೇ ಉಳಿಯುತ್ತದೆ, ತೇವ ನಿಲ್ಲುತ್ತದೆ, ಒಂದೆರಡು ನೀರು ಉಳಿಯುತ್ತದೆ. ಒಂದೇ ಕ್ರಿಯೆ, ಅವಸರದ್ದು ಬೂದಿ, ಸಾವಕಾಶದ್ದು ಗೊಬ್ಬರ.

ಇನ್ನು ನಾವು ಕೊಳ್ಳುವ ಕಡೆ ನೋಡೋಣ. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವಾಗ ನಾವು ಕೊಳ್ಳುವುದು ಬೆಂಕಿ. ಗ್ಯಾಸ್ ಸಿಲಿಂಡರು ಬೆಂಕಿ. ಯೂರಿಯಾ? ಅದೂ ಬೆಂಕಿಯೇ. ಗಾಳಿಯ ಸಾರಜನಕವನ್ನು ಹಿಡಿದು ಬಗ್ಗಿಸಲು 400-500 ಡಿಗ್ರಿ ಶಾಖ, ಭಾರಿ ಒತ್ತಡ ಬೇಕು. ಅದಕ್ಕೆ ನೈಸರ್ಗಿಕ ಅನಿಲ ಸುಡಬೇಕು. ಟನ್ ಯೂರಿಯಾ ಮಾಡಲು ನಮ್ಮ ದೇಶದ ಕಾರ್ಖಾನೆಗಳಿಗೆ 55ರಿಂದ 65 ಲಕ್ಷ ಕಿಲೋಕ್ಯಾಲರಿ ಬೇಕಾಗುತ್ತದೆ. 45 ಕಿಲೋದ ಒಂದು ಚೀಲದಲ್ಲಿ ಸುಮಾರು 30 ಲೀಟರ್ ಡೀಸೆಲಿನಷ್ಟು ಶಕ್ತಿ ಕುಳಿತಿದೆ. ಸರ್ಕಾರ ಸಬ್ಸಿಡಿ ಕೊಡುವುದರಿಂದ ಅದರ ಪೂರ್ತಿ ಬೆಲೆ ನಮಗೆ ಕಾಣುವುದಿಲ್ಲ. ಅರಬ ದೇಶದಲ್ಲಿ ಯುದ್ಧವಾದರೆ ಗೋಕಾಕದ ಗೊಬ್ಬರದ ಅಂಗಡಿಯ ಮುಂದೆ ಪಾಳಿ ಹಚ್ಚಬೇಕಾಗುವುದು ಇದಕ್ಕೇ.

ಸೂಕ್ಷ್ಮ ಇಲ್ಲಿ ಐತಿ, ಬಾಂಧವರೇ. ನಾವು ಕೊಳ್ಳುವಾಗ ಪ್ರತಿ ಕಿಲೋಕ್ಯಾಲರಿಗೂ ಪೈಸೆ ಪೈಸೆ ಎಣಿಸಿ ಕೊಡುತ್ತೇವೆ. ನಾವು ಮಾರುವಾಗ ನಮ್ಮ ಕಬ್ಬನ್ನು ಅಳೆಯುವುದು ರಿಕವರಿಯಿಂದ, ಅಂದರೆ ಎಷ್ಟು ಸಕ್ಕರೆ ಇಳಿಯಿತು ಎಂಬುದರಿಂದ ಮಾತ್ರ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಟ್ಟಿದ ಎಫ್‌ಆರ್‌ಪಿ ಹೀಗಿದೆ: 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ, ಮೇಲಿನ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ, 9.5ಕ್ಕಿಂತ ಕೆಳಗಾದರೆ 329 ರೂಪಾಯಿ 5 ಪೈಸೆ. ಕಟಾವು ಸಾಗಾಣಿಕೆಯ ಖರ್ಚು ಇದರಲ್ಲೇ ಮುರಿಯುತ್ತಾರೆ. ಈ ಮೂಲ ರಿಕವರಿ ಮೊದಲು 9.5 ಇತ್ತು, 2018-19ರಲ್ಲಿ 10 ಮಾಡಿದರು, 2022-23ರಲ್ಲಿ 10.25 ಮಾಡಿದರು. ಬೆಲೆ ಏರಿಸಿದೆವು ಅಂತಾರೆ, ಏಣಿಯ ಕೆಳಗಿನ ಮೆಟ್ಟಿಲನ್ನೂ ಎತ್ತಿಬಿಡುತ್ತಾರೆ. ಈ ಮಾಪಿನಲ್ಲಿ ಸಿಹಿ ಐತಿ, ಉರಿ ಇಲ್ಲ. ಕೊಳ್ಳುವ ಬೆಂಕಿಗೆ ಪೂರ್ತಿ ಬೆಲೆ, ಮಾರುವ ಬೆಂಕಿಗೆ ಕಣ್ಣಂದಾಜಿನ ಬೆಲೆ. ಈ ಎರಡರ ನಡುವಿನ ಅಂತರ ವರ್ಷ ವರ್ಷ ಬೆಳೆದು ಎಲ್ಲಿ ಕೂಡುತ್ತದೆ? ಸೊಸೈಟಿಯ ಪುಸ್ತಕದಲ್ಲಿ, ಬ್ಯಾಂಕಿನ ನೋಟೀಸಿನಲ್ಲಿ, ಕೈಸಾಲದ ಚೀಟಿಯಲ್ಲಿ. ಅದಕ್ಕೆ ನಾವು 'ರೈತನ ಸಾಲ' ಎಂದು ಹೆಸರಿಟ್ಟಿದ್ದೇವೆ. ಇದೇ ಕಬ್ಬಿನ ಬೆಲೆ ಕೇಳುತ್ತ 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಎದುರು ಒಬ್ಬ ರೈತ ವಿಷ ಕುಡಿದು ಜೀವ ಬಿಟ್ಟ. ಅವನ ಸಾಲವೂ ಇಂಥದ್ದೇ ಲೆಕ್ಕದಲ್ಲಿ ಹುಟ್ಟಿದ್ದು.

ಕಾರ್ಖಾನೆಯವರು ಹೇಳುವುದನ್ನೂ ಕೇಳೋಣ. ಬಾಯ್ಲರಿಗೆ ಬಂಡವಾಳ ಹಾಕಿದವರು ನಾವು, ಡಿಸ್ಟಿಲರಿಯ ಬಡ್ಡಿ ಕಟ್ಟುವವರು ನಾವು, ಸರ್ಕಾರ 2023ರ ಡಿಸೆಂಬರಿನಲ್ಲಿ ಮಾಡಿದಂತೆ ಒಂದೇ ಆದೇಶದಲ್ಲಿ ರಸದ ಎಥನಾಲಿಗೆ ಕಡಿವಾಣ ಹಾಕಿದರೆ ನಷ್ಟ ತಿನ್ನುವವರೂ ನಾವು ಅಂತಾರೆ. ಇದರಲ್ಲಿ ನಿಜ ಇಲ್ಲದಿಲ್ಲ. ಮೇಲೆ ಹೇಳಿದ ರೊಕ್ಕವೆಲ್ಲ ಲಾಭವೆಂದು ನಾವೂ ಅನ್ನುವುದಿಲ್ಲ. ಯಂತ್ರಕ್ಕೆ ಖರ್ಚು ಐತಿ, ಆಳಿಗೆ ಪಗಾರ ಐತಿ. ಆದರೆ ಯಂತ್ರ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ರೂಪ ಬದಲಿಸಿ ಕೊಡುತ್ತದೆ. ಬಾಯ್ಲರಿನಿಂದ ಹೊರಬಂದ ಪ್ರತಿ ಕಿಲೋಕ್ಯಾಲರಿಯೂ ಮೊದಲು ನಮ್ಮ ಹೊಲದಲ್ಲಿ ಜಮಾ ಆದದ್ದು. ರೂಪ ಬದಲಿಸಿದವನಿಗೆ ಕೂಲಿಯೂ ಲಾಭವೂ ಸಲ್ಲಲಿ. ಮೂಲ ಮಾಲಿಗೆ ಬೆಲೆಯೇ ಇಲ್ಲವೆಂದರೆ ಹೇಗೆ?

ಇದು ನಾವು ಹೊಸದಾಗಿ ಕಟ್ಟಿದ ವಾದವಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬೆಲೆ ಕಟ್ಟುವಾಗ ಕಾಕಂಬಿ, ಸಿಪ್ಪೆ, ಪ್ರೆಸ್‌ಮಡ್ಡಿಯ ಆದಾಯವನ್ನೂ ಗಮನಿಸಬೇಕು ಎಂಬ ಮಾತು ಸೇರಿದೆ. ಕಾಕಂಬಿ ಎಂದು ಬರೆದಿದ್ದಾರೆ, ಎಥನಾಲ್ ಎಂದು ಬರೆದಿಲ್ಲ. ಸಿಪ್ಪೆ ಎಂದು ಬರೆದಿದ್ದಾರೆ, ವಿದ್ಯುತ್ತು ಎಂದು ಬರೆದಿಲ್ಲ. ಕಾನೂನಿನ ಕಣ್ಣಿಗೆ ಅದು ಇನ್ನೂ ಕಸ, ವ್ಯಾಪಾರದ ಕಣ್ಣಿಗೆ ಇಂಧನ. ಭಾರ್ಗವ ಆಯೋಗದ ಶಿಫಾರಸಿನಂತೆ 1974ರಲ್ಲಿ ಅದೇ ಆದೇಶಕ್ಕೆ 5ಎ ಎಂಬ ಕಲಮು ಬಂದಿತ್ತು. ಕಾರ್ಖಾನೆಯ ಹೆಚ್ಚುವರಿ ಗಳಿಕೆಯಲ್ಲಿ ರೈತನಿಗೂ ಪಾಲು ಎಂದಿತ್ತು. 2009ರಲ್ಲಿ ಎಫ್‌ಆರ್‌ಪಿ ತರುವಾಗ ಅದನ್ನು ತೆಗೆದುಹಾಕಿದರು. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಈ ಉಪ ಉತ್ಪನ್ನಗಳ ಆದಾಯದಲ್ಲಿ ನೂರಕ್ಕೆ 70 ಪಾಲು ರೈತನಿಗೆ ಎಂದಿತು. ನಮ್ಮ ರಾಜ್ಯದಲ್ಲಿ 2013ರ ಕಾಯ್ದೆಯಂತೆ ಕಬ್ಬು ನಿಯಂತ್ರಣ ಮಂಡಳಿಯೂ ಬಂತು. ಕಾಗದಕ್ಕೆ ಕಡಿಮೆ ಇಲ್ಲ. ಕಾಗದವನ್ನು ಓದಿ ಕೇಳುವವರು ಬೇಕು.

ಹಾಗಾದರೆ ಮಾಡಬೇಕಾದದ್ದೇನು?

ಒಂದು. ಹಂಗಾಮು ಮುಗಿದ ಕೂಡಲೇ ಪ್ರತಿ ಕಾರ್ಖಾನೆ ತನ್ನ ಕಾಟಾದ ಮುಂದೆ ಫಲಕ ಹಚ್ಚಬೇಕು: ಅರೆದ ಕಬ್ಬು ಎಷ್ಟು ಟನ್, ಸಕ್ಕರೆ ಎಷ್ಟು, ಮಾರಿದ ಯೂನಿಟ್ ಎಷ್ಟು, ಎಥನಾಲ್ ಎಷ್ಟು ಲೀಟರ್, ಬಂದ ರೊಕ್ಕ ಎಷ್ಟು. ಸಹಕಾರಿ ಕಾರ್ಖಾನೆಯ ಶೇರುದಾರರೇ, ವಾರ್ಷಿಕ ಸಭೆಯಲ್ಲಿ ಚಹಾ ಕುಡಿದು ಸಹಿ ಹಾಕಿ ಎದ್ದು ಬರಬೇಡಿ, ಈ ಐದು ಅಂಕಿ ಕೇಳಿ ಬರೆದುಕೊಂಡು ಬನ್ನಿ.

ಎರಡು. ಎಥನಾಲಿಗೆ ತಿರುಗಿಸಿದ ಸಕ್ಕರೆಯನ್ನು ಬಿಡದೆ ರಿಕವರಿಗೆ ಕೂಡಿಸಬೇಕು. ಕಾಕಂಬಿ, ಸಿಪ್ಪೆಯ ಜೊತೆಗೆ ಎಥನಾಲ್, ವಿದ್ಯುತ್ತಿನ ಆದಾಯವನ್ನು ಹೆಸರು ಹಿಡಿದು ಆದೇಶದಲ್ಲಿ ಸೇರಿಸಬೇಕು. ಮೂಲ ರಿಕವರಿಯನ್ನು 9.5ಕ್ಕೆ ಇಳಿಸಬೇಕು.

ಮೂರು. ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು, ತಡವಾದರೆ ನೂರಕ್ಕೆ 15ರಂತೆ ಬಡ್ಡಿ. ಇದು ಬೇಡಿಕೆಯಲ್ಲ, ಇರುವ ಕಾನೂನು. ನಮ್ಮ ಸಾಲದ ಬಡ್ಡಿ ಒಂದು ದಿನವೂ ನಿಲ್ಲುವುದಿಲ್ಲ, ಅವರದ್ದೇಕೆ ನಿಲ್ಲಬೇಕು? ಬಡ್ಡಿಯ ಅರ್ಜಿಯನ್ನು ಒಬ್ಬೊಬ್ಬರೇ ಕೊಡದೆ ಊರಿಗೆ ಊರೇ ಸಹಿ ಮಾಡಿ ಜಿಲ್ಲಾಧಿಕಾರಿಗೆ ಕೊಡಿ.

ನಾಲ್ಕು. ಈ ಹಂಗಾಮಿಗೆ ಪ್ರತಿಯೊಬ್ಬರೂ ಒಂದು ಎಕರೆಯ ರವದಿಯನ್ನಾದರೂ ಉಳಿಸಿ. ರವದಿ ಕತ್ತರಿಸುವ ಯಂತ್ರವನ್ನು ಐದಾರು ಜನ ಕೂಡಿ ಬಾಡಿಗೆ ತನ್ನಿ. ಪೆಂಡಿ ಕಟ್ಟಿ ಬಾಯ್ಲರಿಗೆ ಒಯ್ಯುತ್ತೇವೆ ಎಂದು ಯಾರಾದರೂ ಬಂದರೆ 'ಹೊಲ ಸ್ವಚ್ಛ ಆದರೆ ಸಾಕು' ಎಂದು ಪುಕ್ಕಟೆ ಕೊಡಬೇಡಿ. ತೂಗಿ ಕೊಡಿ, ಕಲ್ಲಿದ್ದಲಿನ ದರ ಕೇಳಿ ಕೊಡಿ. ನಾವೇ ಬೆಂಕಿ ಹಚ್ಚಿ ಬೂದಿ ಮಾಡುವ ಮಾಲಿಗೆ ಬೆಲೆ ಕೊಡಿ ಎಂದು ಯಾರ ಮುಂದೆ ಕೇಳುವುದು? ನಮ್ಮ ಹೊಲದ ಉರಿಯನ್ನು ನಾವು ಎಣಿಸಿದರೆ ಅವರ ಬಾಯ್ಲರಿನ ಉರಿಯನ್ನು ಎಣಿಸುವ ಹಕ್ಕು ಗಟ್ಟಿಯಾಗುತ್ತದೆ.

ಮಮದಾಪುರದ ಚಾವಡಿಯಲ್ಲಿರಲಿ, ನಿಮ್ಮ ಊರಿನ ಗುಡಿಕಟ್ಟೆಯಲ್ಲಿರಲಿ, ಮೇಲಿನ ಅಂಕಿಗಳನ್ನು ಸುಣ್ಣದಲ್ಲಿ ಗೋಡೆಗೆ ಬರೆಯಿರಿ: ಟನ್ ಕಬ್ಬಿಗೆ 150 ಕಿಲೋ ಕಲ್ಲಿದ್ದಲು, 10 ಲೀಟರ್ ಎಥನಾಲ್, ಎಕರೆ ರವದಿಗೆ 1,200 ಲೀಟರ್ ಡೀಸೆಲ್. ಶಾಲೆಗೆ ಹೋಗುವ ಮಕ್ಕಳಿಗೆ ಲೆಕ್ಕ ತಾಳೆ ನೋಡಲು ಹೇಳಿ. ಅವರ ಪುಸ್ತಕದಲ್ಲಿ ಈ ಪಾಠ ಐತಿ. ಮುಂದಿನ ಹಂಗಾಮಿನಲ್ಲಿ ಗುರ್ಲಾಪುರ ಕ್ರಾಸಿಗೆ ಮತ್ತೆ ಹೋಗಬೇಕಾಗಿ ಬಂದರೆ ಘೋಷಣೆಯ ಜೊತೆಗೆ ಈ ಲೆಕ್ಕವನ್ನೂ ಹೊತ್ತು ಹೋಗೋಣ. ಘೋಷಣೆಗೆ ಉತ್ತರ ಕೊಡದೆ ಮಂತ್ರಿ ಕಾರು ಹತ್ತಬಹುದು. ಲೆಕ್ಕಕ್ಕೆ ಉತ್ತರ ಕೊಡಲೇಬೇಕು.

— ಸಂಪಾದಕ